ಒಂದು ಹೊಸ್ತಿಲು, ಎರಡು ಹಬ್ಬ

ಯುಗಾದಿಯ ರಜೆ ಮುಗಿದು ಶಾಲೆ ತೆರೆದ ದಿನ. ಒಂಬತ್ತನೆಯ ಇಯತ್ತೆಯ ಮಕ್ಕಳಿಗೆ ನಾವು ‘ನಮ್ಮ ಮನೆಯ ಹಬ್ಬ’ ಎಂಬ ವಿಷಯ ಕೊಟ್ಟು ನಿಬಂಧ ಬರೆಯಲು ಹೇಳಿದ್ದೆವು. ಎಲ್ಲರೂ ತಲೆ ಬಗ್ಗಿಸಿ ಬರೆಯತೊಡಗಿದರು. ಒಬ್ಬ ಹುಡುಗ ಮಾತ್ರ ಪೆನ್ನಿನ ತುದಿ ಕಚ್ಚುತ್ತ ಕುಳಿತಿದ್ದ.

“ಯಾಕೋ ತಮ್ಮಾ, ಬರಿಯೂದಿಲ್ಲೇನು?” ಎಂದು ಕೇಳಿದೆವು.

“ಸರ, ನಮ್ಮ ಮನ್ಯಾಗ ಗುಡೀನೂ ಏರಸ್ತಾರ, ಬೇವು-ಬೆಲ್ಲಾನೂ ಕೊಡ್ತಾರ. ಅವ್ವ ಪಾಡವಾ ಅಂತಾಳ, ಅಜ್ಜಿ ಯುಗಾದಿ ಅಂತಾಳ. ನಾ ಯಾವ ಹೆಸರು ಬರೀಲಿ?”

ತರಗತಿ ನಕ್ಕಿತು. ನಾವೂ ನಕ್ಕೆವು. ಆದರೆ ಮನೆಗೆ ಹೋದ ಮೇಲೆ ಆ ಪ್ರಶ್ನೆ ನಮ್ಮನ್ನು ಬಿಡಲಿಲ್ಲ. ಗಡಿಯ ಊರಿನ ಮಗುವಿಗೆ ಅದು ನಗೆಯ ಪ್ರಶ್ನೆಯಲ್ಲ. ತಾಯಿಯ ಹಬ್ಬ ಬರೆದರೆ ಅಜ್ಜಿಗೆ ನೋವು, ಅಜ್ಜಿಯ ಹಬ್ಬ ಬರೆದರೆ ತಾಯಿಗೆ ನೋವು ಎಂದು ಆ ಹುಡುಗ ಅಂಜಿದ್ದ. ಈ ಪ್ರಶ್ನೆಗೆ ಉತ್ತರ ಹುಡುಕುತ್ತ ನಾವು ಬಹಳ ದೂರ, ಫಿನ್ಲಂಡ ಮತ್ತು ಅಮೇರಿಕಗಳವರೆಗೆ ಹೋಗಿಬಂದೆವು. ಪುಸ್ತಕಗಳ ಮೂಲಕವೇ ಹೋದದ್ದು, ವಿಮಾನದಲ್ಲಿ ಅಲ್ಲ. ಅಲ್ಲಿ ಕಂಡುಕೊಂಡದ್ದನ್ನು ವಿದ್ಯಾರ್ಥಿಗಳ ಮತ್ತು ಪಾಲಕರ ಮುಂದೆ ಇಡುವದು ಈ ಲೇಖನದ ಉದ್ದೇಶ.

ವಿನಿಮಯ ವಿದ್ಯಾರ್ಥಿ ಎಂದರೆ ಯಾರು?

ಒಂದು ದೇಶದ ಹೈಸ್ಕೂಲ ವಿದ್ಯಾರ್ಥಿ ಇನ್ನೊಂದು ದೇಶಕ್ಕೆ ಹೋಗಿ, ಒಂದು ಶಾಲಾ ವರ್ಷ ಅಲ್ಲಿಯ ಒಂದು ಕುಟುಂಬದಲ್ಲಿ ಮನೆಯ ಮಗುವಿನಂತೆ ಇದ್ದು, ಅಲ್ಲಿಯ ಶಾಲೆಯಲ್ಲಿ ಕಲಿತು ಮರಳಿ ಬರುವದುಂಟು. ಇಂಥವರನ್ನು ವಿನಿಮಯ ವಿದ್ಯಾರ್ಥಿಗಳು ಎನ್ನುತ್ತಾರೆ. ಈ ಪದ್ಧತಿ ಬೆಳೆದ ಕಥೆ ಕೇಳುವಂಥದು. ೧೯೧೫ರಲ್ಲಿ, ಮೊದಲನೆಯ ಮಹಾಯುದ್ಧದ ಕಾಲಕ್ಕೆ, ಕೆಲವು ಅಮೇರಿಕನ್ ತರುಣರು ಫ್ರಾನ್ಸಿನ ರಣಾಂಗಣದಿಂದ ಗಾಯಾಳುಗಳನ್ನು ಸಾಗಿಸಲು ಅಂಬ್ಯುಲನ್ಸ ವಾಹನಗಳನ್ನು ನಡೆಸುವ ಸೇವೆ ಕೈಕೊಂಡರು. ‘ಅಮೇರಿಕನ್ ಫೀಲ್ಡ ಸರ್ವಿಸ’ ಎಂಬುದು ಅದರ ಹೆಸರು. ಎರಡನೆಯ ಮಹಾಯುದ್ಧದಲ್ಲಿಯೂ ಅವರು ಅದೇ ಕೆಲಸ ಮಾಡಿದರು. ಎರಡು ಸಲ ಹೆಣಗಳನ್ನೂ ಗಾಯಾಳುಗಳನ್ನೂ ಹೊತ್ತವರಿಗೆ ಒಂದು ಮಾತು ಹೊಳೆಯಿತು: ಒಬ್ಬರ ಮನೆಯಲ್ಲಿ ಒಬ್ಬರು ಉಂಡು ಮಲಗಿ ಬೆಳೆದ ಮಕ್ಕಳು ದೊಡ್ಡವರಾದ ಮೇಲೆ ಪರಸ್ಪರರ ಮೇಲೆ ಬಂದೂಕು ಹಿಡಿಯಲಾರರು. ಹೀಗೆ ೧೯೪೭ರಲ್ಲಿ ಅವರು ವಿದ್ಯಾರ್ಥಿಗಳ ವಿನಿಮಯ ಆರಂಭಿಸಿದರು.

ಇದು ಹೊರದೇಶದ ಮಾತಷ್ಟೇ ಅಲ್ಲ. ನಮ್ಮ ದೇಶದ ಜವಾಹರ ನವೋದಯ ವಿದ್ಯಾಲಯಗಳಲ್ಲಿ ಒಂಬತ್ತನೆಯ ಇಯತ್ತೆಯ ಕೆಲವು ಮಕ್ಕಳನ್ನು ಒಂದು ವರ್ಷದ ಮಟ್ಟಿಗೆ ಬೇರೆ ಭಾಷೆಯ ಪ್ರದೇಶದ ವಿದ್ಯಾಲಯಕ್ಕೆ ಕಳುಹಿಸುವ ಪದ್ಧತಿ ಇದೆ. ಹಿಂದಿ ಸೀಮೆಯ ಮಕ್ಕಳು ಇತ್ತ ಬರುತ್ತಾರೆ, ಇತ್ತಣ ಮಕ್ಕಳು ಅತ್ತ ಹೋಗುತ್ತಾರೆ. ನಮ್ಮ ಸಾಂಗಲಿ ಜಿಲ್ಲೆಯ ನವೋದಯ ವಿದ್ಯಾಲಯ ಪಲೂಸದಲ್ಲಿದೆ. ಮುಂದೆ ನಮ್ಮ ಊರಿನ ಮಗುವೊಂದು ಹೀಗೆ ಹೋಗಬಹುದು. ದೀಪಾವಳಿಯ ದಿನ ಅದು ಅಪರಿಚಿತರ ನಡುವೆ ಕುಳಿತಾಗ ಅಲ್ಲಿಯ ಜನ ಅದನ್ನು ಹೇಗೆ ನೋಡಿಕೊಳ್ಳಬೇಕೆಂದು ನಾವು ಬಯಸುತ್ತೇವೆ? ಈ ಮಾತು ಮನಸ್ಸಿನಲ್ಲಿ ಇರಲಿ.

ಫಿನ್ಲಂಡದ ಕ್ರಿಸ್‌ಮಸ್

ಫಿನ್ಲಂಡ ಯುರೋಪದ ಉತ್ತರ ತುದಿಯ ದೇಶ. ವಿಸ್ತಾರದಲ್ಲಿ ನಮ್ಮ ಮಹಾರಾಷ್ಟ್ರಕ್ಕಿಂತ ತುಸು ದೊಡ್ಡದು. ಜನಸಂಖ್ಯೆ ಮಾತ್ರ ಸುಮಾರು ೫೬ ಲಕ್ಷ. ೨೦೧೧ರ ಜನಗಣತಿಯಲ್ಲಿ ಪುಣೆ ಜಿಲ್ಲೆಯೊಂದರಲ್ಲಿಯೇ ೯೪ ಲಕ್ಷ ಜನರಿದ್ದರು ಎಂಬುದನ್ನು ನೆನೆದರೆ ಆ ದೇಶ ಎಷ್ಟು ವಿರಳ ವಸತಿಯದೆಂಬುದು ತಿಳಿಯುತ್ತದೆ. ಡಿಸೆಂಬರದ ಕೊನೆಗೆ ಅಲ್ಲಿಯ ರಾಜಧಾನಿ ಹೆಲ್ಸಿಂಕಿಯಲ್ಲಿ ಹಗಲು ಆರು ತಾಸೂ ಇರುವದಿಲ್ಲ. ಉತ್ತರದ ಲ್ಯಾಪಲಂಡದ ತುದಿಯಲ್ಲಂತೂ ಸುಮಾರು ಐವತ್ತು ದಿನ ಸೂರ್ಯ ಮೂಡುವದೇ ಇಲ್ಲ. ಇಂಥ ಕತ್ತಲೆಯ ನಡುವೆ ಬರುವ ಹಬ್ಬ ಕ್ರಿಸ್‌ಮಸ್. ಅದಕ್ಕೆ ಅವರು ‘ಯೋಉಲು’ ಎನ್ನುತ್ತಾರೆ.

ನಮಗೆ ಕ್ರಿಸ್‌ಮಸ್ ಎಂದರೆ ಡಿಸೆಂಬರ ೨೫. ಫಿನ್ಲಂಡದವರಿಗೆ ಮುಖ್ಯ ದಿನ ೨೪. ಆ ದಿನ ನಡುಮಧ್ಯಾಹ್ನ ಹನ್ನೆರಡು ಗಂಟೆಗೆ, ಎಂದರೆ ನಮ್ಮಲ್ಲಿ ಮಧ್ಯಾಹ್ನ ಮೂರೂವರೆ ಗಂಟೆಗೆ, ತುರ್ಕು ಎಂಬ ಹಳೆಯ ಪಟ್ಟಣದಲ್ಲಿ ಒಂದು ಕಟ್ಟಡದ ಮೇಲ್ಮೊಗಸಾಲೆಯಿಂದ ‘ಕ್ರಿಸ್‌ಮಸ್ ಶಾಂತಿ’ಯ ಘೋಷಣೆಯನ್ನು ಓದುತ್ತಾರೆ. ನಾಳೆ ಹಬ್ಬ, ಎಲ್ಲರೂ ಶಾಂತಿಯಿಂದ ಭಕ್ತಿಯಿಂದ ನಡೆದುಕೊಳ್ಳಿರಿ, ಹಬ್ಬದ ಶಾಂತಿ ಕೆಡಿಸಿದವರಿಗೆ ಕಠಿಣ ಶಿಕ್ಷೆ ಉಂಟು, ಎಲ್ಲ ನಿವಾಸಿಗಳಿಗೂ ಶುಭವಾಗಲಿ ಎಂಬುದು ಅದರ ತಾತ್ಪರ್ಯ. ಹದಿನಾಲ್ಕನೆಯ ಶತಮಾನದಿಂದ ನಡೆದುಬಂದ ಪದ್ಧತಿ ಇದು. ೧೮೨೭ರಲ್ಲಿ ಊರಿಗೆ ಊರೇ ಬೆಂಕಿಗೆ ಆಹುತಿಯಾದಾಗ ಘೋಷಣೆಯ ಬರಹವೂ ಸುಟ್ಟಿತು. ನೆನಪಿನಿಂದ ಮತ್ತೆ ಬರೆದುಕೊಂಡರಂತೆ. ೧೯೩೫ರಿಂದ ರೇಡಿಯೋ ಅದನ್ನು ದೇಶದ ಮನೆಮನೆಗೆ ಮುಟ್ಟಿಸಿತು.

ನಮ್ಮ ಗಡಿಯ ಮಕ್ಕಳು ಗಮನಿಸಬೇಕಾದ ಮಾತು ಮುಂದಿದೆ. ಆ ಘೋಷಣೆಯನ್ನು ಎರಡು ಭಾಷೆಗಳಲ್ಲಿ ಓದುತ್ತಾರೆ: ಫಿನ್ನಿಶ್ ಮತ್ತು ಸ್ವೀಡಿಶ್. ೧೮೦೯ರವರೆಗೆ ಫಿನ್ಲಂಡ ಸ್ವೀಡನ್ನಿನ ಆಳಿಕೆಯಲ್ಲಿತ್ತು. ಬಳಿಕ ರಶಿಯದ ಕೈಗೆ ಹೋಗಿ ೧೯೧೭ರಲ್ಲಿ ಸ್ವತಂತ್ರವಾಯಿತು. ಇಂದು ಸ್ವೀಡಿಶ್ ಮನೆಮಾತಿನವರು ನೂರಕ್ಕೆ ಐವರಷ್ಟೇ. ಆದರೂ ಎರಡೂ ರಾಷ್ಟ್ರಭಾಷೆಗಳು. ಶಾಂತಿಯನ್ನು ಸಾರುವಾಗ ಒಂದೇ ಭಾಷೆಯಲ್ಲಿ ಸಾರಿದರೆ ಅದು ಅರ್ಧ ಶಾಂತಿ ಎಂಬುದು ಅವರಿಗೆ ಗೊತ್ತಿದ್ದಂತೆ ಕಾಣುತ್ತದೆ.

ಘೋಷಣೆ ಮುಗಿದ ಮೇಲೆ ಮನೆಯ ಹಬ್ಬ. ಹಾಲಿನಲ್ಲಿ ಬೇಯಿಸಿದ ಅಕ್ಕಿಯ ಗಂಜಿ ಮಾಡುತ್ತಾರೆ. ನಮ್ಮ ಪಾಯಸದ ತಂಗಿ ಎನ್ನಬಹುದು. ಅದರಲ್ಲಿ ಒಂದೇ ಒಂದು ಬದಾಮಿ ಹಾಕಿರುತ್ತಾರೆ. ಯಾರ ಬಟ್ಟಲಿಗೆ ಅದು ಬರುತ್ತದೆಯೋ ಅವರಿಗೆ ಬರುವ ವರ್ಷ ಅದೃಷ್ಟ. ಆಮೇಲೆ ಸ್ಮಶಾನಕ್ಕೆ ಹೋಗಿ, ತೀರಿಹೋದ ಹಿರಿಯರ ಸಮಾಧಿಯ ಮೇಲೆ ಮೇಣಬತ್ತಿ ಹಚ್ಚಿ ಬರುತ್ತಾರೆ. ಬಿಳಿಯ ಹಿಮದ ನಡುವೆ ಸಾವಿರಾರು ದೀಪಗಳು ಉರಿಯುವ ಆ ನೋಟವನ್ನು ಚಿತ್ರದಲ್ಲಿ ನೋಡಿದರೂ ಮನಸ್ಸು ಮೌನವಾಗುತ್ತದೆ. ನಾವು ಮಹಾಲಯ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಹಿಡಿಯುತ್ತೇವೆ. ಅವರು ದೀಪ ಹಿಡಿಯುತ್ತಾರೆ.

ಸಂಜೆಗೆ ‘ಸೌನಾ’ ಸ್ನಾನ. ಕಟ್ಟಿಗೆಯ ಕೋಣೆಯಲ್ಲಿ ಕಾದ ಕಲ್ಲುಗಳ ಮೇಲೆ ನೀರು ಚಿಮುಕಿಸಿ, ಏಳುವ ಹಬೆಯಲ್ಲಿ ಕುಳಿತು ಬೆವರಿ ಮೈ ತೊಳೆಯುವದು ಅವರ ಪದ್ಧತಿ. ಆ ಸಣ್ಣ ದೇಶದಲ್ಲಿ ಸುಮಾರು ೩೦ ಲಕ್ಷ ಸೌನಾ ಕೋಣೆಗಳಿವೆ. ೨೦೨೦ರಲ್ಲಿ ಯುನೆಸ್ಕೋ ಸಂಸ್ಥೆ ಈ ಸ್ನಾನ ಸಂಸ್ಕೃತಿಯನ್ನು ಮಾನವ ಪರಂಪರೆಯ ಪಟ್ಟಿಗೆ ಸೇರಿಸಿತು. ದೀಪಾವಳಿಗೆ ನೀರು ತುಂಬಿ, ನಸುಕಿನಲ್ಲಿ ಎಣ್ಣೆ ಹಚ್ಚಿಕೊಂಡು ಎರೆದುಕೊಳ್ಳುವ ನಮಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಮೈ ತೊಳೆಯದೆ ಹಬ್ಬವಿಲ್ಲ. ಇದು ಎರಡೂ ಕಡೆ ಸತ್ಯ.

ರಾತ್ರಿಯ ಊಟಕ್ಕೆ ಹಂದಿಯ ಮಾಂಸ, ಗಡ್ಡೆಗೆಣಸು-ಗಜ್ಜರಿಗಳನ್ನು ಅರೆದು ಒಲೆಯಲ್ಲಿ ಬೇಯಿಸಿದ ಪದಾರ್ಥಗಳು, ಬೀಟರೂಟಿನ ಕೋಸಂಬರಿ, ನಕ್ಷತ್ರದ ಆಕಾರದ ಸಿಹಿ ತಿನಿಸು. ಊಟದ ಮೇಜಿನ ಮೇಲೆ ತೂಗುವ ಒಂದು ಅಲಂಕಾರವನ್ನು ‘ಹಿಮ್ಮೆಲಿ’ ಎನ್ನುತ್ತಾರೆ. ಅದು ಬಂಗಾರದ್ದಲ್ಲ, ಗಾಜಿನದ್ದಲ್ಲ, ಬರೀ ಹುಲ್ಲಿನದು. ರೈ ಎಂಬ ಧಾನ್ಯದ ಒಣ ದಂಟುಗಳನ್ನು ದಾರದಿಂದ ಪೋಣಿಸಿ ತೂಗುಗೊಂಚಲು ಮಾಡುತ್ತಾರೆ. ಹಿಮ್ಮೆಲಿ ದೊಡ್ಡದಾದಷ್ಟೂ ಬರುವ ವರ್ಷದ ಪೀಕು ದೊಡ್ಡದು ಎಂಬುದು ಹಳೆಯ ನಂಬಿಕೆ. ಓಟ್ಸ್ ಧಾನ್ಯದ ಒಂದು ಸಿವುಡನ್ನು ಅಂಗಳದಲ್ಲಿ ಕಟ್ಟಿ ಚಳಿಯಲ್ಲಿ ಹಸಿದ ಹಕ್ಕಿಗಳಿಗೆ ಬಿಡುವದೂ ಉಂಟು.

ಇನ್ನು ಮಕ್ಕಳ ಮಾತು. ಕಾಣಿಕೆ ತರುವ ಅಜ್ಜನಿಗೆ ಅಲ್ಲಿ ‘ಯೋಉಲುಪುಕ್ಕಿ’ ಎಂದು ಹೆಸರು. ಈ ಮಾತಿನ ಅರ್ಥ ‘ಕ್ರಿಸ್‌ಮಸ್ ಹೋತ’! ಹಿಂದೆ ಹೋತನ ಕೊಂಬು ಕಟ್ಟಿ, ಚರ್ಮದ ಅಂಗಿ ತಿರುವಿ ತೊಟ್ಟು ಸೋಗು ಹಾಕಿದ ಗಂಡಸರು ಮನೆಮನೆಗೆ ಬಂದು ತಿನಿಸು ಬೇಡುತ್ತಿದ್ದರು. ಕಾಲ ಕಳೆದಂತೆ ಬೇಡುವ ಹೋತ ಹೋಗಿ ಕೊಡುವ ಅಜ್ಜ ಬಂದ. ಹೆಸರು ಮಾತ್ರ ಹಾಗೇ ಉಳಿಯಿತು. ೧೯೨೭ರಲ್ಲಿ ಮಾರ್ಕುಸ ರೌತಿಯೋ ಎಂಬವರು ರೇಡಿಯೋದಲ್ಲಿ ಮಕ್ಕಳಿಗೆ ಈ ಅಜ್ಜನ ಮನೆ ಲ್ಯಾಪಲಂಡದ ಕೊರ್ವತುಂತುರಿ ಗುಡ್ಡದಲ್ಲಿದೆ ಎಂದು ಹೇಳಿದರು. ಅಂದಿನಿಂದ ಆ ಮಕ್ಕಳಿಗೆ ವಿಳಾಸ ಸಿಕ್ಕಿತು. ಈ ಅಜ್ಜ ಕದ್ದು ಬರುವದಿಲ್ಲ. ೨೪ರ ಸಂಜೆ ಬಾಗಿಲು ಬಡಿದು ಒಳಗೆ ಬಂದು, “ಇಲ್ಲಿ ಶಾಣ್ಯಾ ಮಕ್ಕಳು ಇದ್ದಾರೇನು?” ಎಂದು ಕೇಳುತ್ತಾನೆ.

ಅಮೇರಿಕದ ಕ್ರಿಸ್‌ಮಸ್

ಅಮೇರಿಕದಲ್ಲಿ ಹಾಗಲ್ಲ. ಅಲ್ಲಿ ಸಾಂತಾಕ್ಲಾಸ ೨೪ರ ರಾತ್ರಿ ಎಲ್ಲರೂ ಮಲಗಿದ ಮೇಲೆ ಹೊಗೆಗೂಡಿನಿಂದ ಇಳಿದು, ಮಕ್ಕಳು ತೂಗುಹಾಕಿದ ಕಾಲುಚೀಲಗಳಲ್ಲಿ ಕಾಣಿಕೆ ತುಂಬಿ ಹೋಗುತ್ತಾನೆ. ಅವನಿಗೆಂದು ಮಕ್ಕಳು ಒಂದು ಗ್ಲಾಸು ಹಾಲು, ಬಿಸ್ಕೀಟು ಇಟ್ಟಿರುತ್ತಾರೆ. ೨೫ರ ನಸುಕಿನಲ್ಲಿ ಮಕ್ಕಳು ಎದ್ದು ಗಿಡದ ಕೆಳಗೆ ಓಡುವದೇ ಅಲ್ಲಿಯ ಹಬ್ಬದ ಮುಖ್ಯ ಗಳಿಗೆ. ಮನೆಯ ಹೊರಗೆ ಬಣ್ಣಬಣ್ಣದ ವಿದ್ಯುದ್ದೀಪಗಳ ಸಾಲು, ಮಧ್ಯಾಹ್ನ ನೆಂಟರೊಡನೆ ದೊಡ್ಡ ಊಟ.

ಇದೆಲ್ಲ ಅನಾದಿಯಿಂದ ಬಂದದ್ದೆಂದು ತಿಳಿಯಬಾರದು. ಅಮೇರಿಕದ ಮ್ಯಾಸಾಚುಸೆಟ್ಸ ವಸಾಹತಿನಲ್ಲಿ ೧೬೫೯ರಲ್ಲಿ ಕ್ರಿಸ್‌ಮಸ್ ಆಚರಿಸಿದವರಿಗೆ ಐದು ಶಿಲಿಂಗ ದಂಡ ಹಾಕುವ ಕಾಯದೆ ಮಾಡಿದ್ದರು! ಕಟ್ಟುನಿಟ್ಟಿನ ಪ್ಯೂರಿಟನ್ ಪಂಥದವರಿಗೆ ಅದು ಧರ್ಮಕ್ಕೆ ಸಲ್ಲದ ಗದ್ದಲವಾಗಿ ಕಂಡಿತ್ತು. ೧೬೮೧ರಲ್ಲಿ ಆ ಕಾಯದೆ ಹೋಯಿತು. ಮುಂದೆ ಡಚ್ ಜನ ತಮ್ಮ ‘ಸಿಂಟರಕ್ಲಾಸ’ನನ್ನು ತಂದರು, ಅವನೇ ಸಾಂತಾಕ್ಲಾಸನಾದ. ಜರ್ಮನರು ಸಿಂಗರಿಸಿದ ಗಿಡ ತಂದರು. ಇಂಗ್ಲಿಷರು ಹಬ್ಬದ ಹಾಡು ತಂದರು. ಜರ್ಮನಿಯಲ್ಲಿ ಹುಟ್ಟಿ ಅಮೇರಿಕಕ್ಕೆ ಬಂದ ಚಿತ್ರಕಾರ ಥಾಮಸ ನಾಸ್ಟ ೧೮೬೩ರಿಂದ ಬರೆದ ಚಿತ್ರಗಳು ಆ ಅಜ್ಜನಿಗೆ ಬೊಜ್ಜನ್ನೂ ಬಿಳಿ ಗಡ್ಡವನ್ನೂ ಕೊಟ್ಟವು. ೧೮೭೦ರಲ್ಲಿ ಕೇಂದ್ರ ಸರಕಾರ ರಜೆ ಕೊಟ್ಟಿತು. ೧೮೮೨ರಲ್ಲಿ ಎಡಿಸನ್ನರ ಸಹಕಾರಿ ಎಡ್ವರ್ಡ ಜಾನ್ಸನ್ ತಮ್ಮ ಮನೆಯ ಗಿಡಕ್ಕೆ ವಿದ್ಯುದ್ದೀಪ ಕಟ್ಟಿದರು. ಹೀಗೆ ‘ಅಮೇರಿಕದ ಪದ್ಧತಿ’ ಎಂಬುದೇ ನಾಲ್ಕು ಮನೆಯ ಹಿಟ್ಟು ಕಲಸಿ ಮಾಡಿದ ರೊಟ್ಟಿ.

ಎರಡೂ ಒಂದೇ ಮನೆಗೆ ಬಂದಾಗ

ಈಗ ಒಂದು ಅಮೇರಿಕನ್ ಮನೆಯನ್ನು ಊಹಿಸಿಕೊಳ್ಳೋಣ. ಅಲ್ಲಿಗೆ ಫಿನ್ಲಂಡದಿಂದ ಹದಿನಾರು ವರ್ಷದ ಹುಡುಗಿ ವಿನಿಮಯ ವಿದ್ಯಾರ್ಥಿನಿಯಾಗಿ ಬಂದಿದ್ದಾಳೆ. ಅಗಸ್ಟದಲ್ಲಿ ಬಂದವಳು, ಮೊದಲ ತಿಂಗಳುಗಳ ಹೊಸತನ ಮುಗಿದಿದೆ. ಡಿಸೆಂಬರ ಬಂದಾಗ ಮನೆ ನೆನಪಾಗುತ್ತದೆ. ೨೪ರ ಸಂಜೆ ಅವಳ ಊರಿನಲ್ಲಿ ಹಬ್ಬ ಮುಗಿಯುತ್ತ ಬಂದಿದೆ. ಇಲ್ಲಿ ಇನ್ನೂ ಆರಂಭವೇ ಆಗಿಲ್ಲ. ಮನೆಯವರು ಏನು ಮಾಡಬೇಕು?

“ಇದು ನಮ್ಮ ಮನೆ, ನಮ್ಮಂತೆ ಮಾಡು” ಎನ್ನುವದು ಒಂದು ದಾರಿ. “ನೀನು ನಿನ್ನ ಕೋಣೆಯಲ್ಲಿ ನಿನ್ನಂತೆ ಮಾಡಿಕೋ” ಎನ್ನುವದು ಇನ್ನೊಂದು ದಾರಿ. ಎರಡರಲ್ಲಿಯೂ ಹುಡುಗಿ ಒಂಟಿಯೇ. ಮೂರನೆಯ ದಾರಿ ಹುಡುಕಿದರೆ ಅದು ಗಡಿಯಾರದಲ್ಲಿಯೇ ಇದೆ. ಒಬ್ಬರ ಹಬ್ಬದ ಮುಖ್ಯ ಗಳಿಗೆ ೨೪ರ ಸಂಜೆ, ಇನ್ನೊಬ್ಬರದು ೨೫ರ ಬೆಳಿಗ್ಗೆ. ಎರಡೂ ಢಿಕ್ಕಿ ಹೊಡೆಯುವದಿಲ್ಲ. ಒಂದರ ಹಿಂದೆ ಒಂದು ಬರುತ್ತವೆ.

ಆದುದರಿಂದ ೨೪ರ ಬೆಳಿಗ್ಗೆ ಹುಡುಗಿಯೇ ಅಕ್ಕಿಯ ಗಂಜಿ ಮಾಡುತ್ತಾಳೆ. ಮನೆಯ ಚಿಕ್ಕ ಹುಡುಗ ಬದಾಮಿಗಾಗಿ ಮೂರು ಬಟ್ಟಲು ಉಂಡು ಹೊಟ್ಟೆ ಹಿಡಿದುಕೊಳ್ಳುತ್ತಾನೆ. ಸೌನಾ ಇಲ್ಲ, ಬಿಸಿನೀರಿನ ಸ್ನಾನವಾದರೂ ಸರಿ, ಎಲ್ಲರೂ ಸಂಜೆಗೆ ಮಿಂದು ಶುಭ್ರ ಬಟ್ಟೆ ಉಡುತ್ತಾರೆ. ಅವಳ ಅಜ್ಜನ ಸಮಾಧಿ ಸಾವಿರಾರು ಮೈಲು ದೂರ; ಅಂಗಳದಲ್ಲಿ ಅಜ್ಜನ ಹೆಸರಿನಲ್ಲಿ ಒಂದು ಮೇಣಬತ್ತಿ ಹಚ್ಚುತ್ತಾರೆ. ಅದನ್ನು ನೋಡಿ ಮನೆಯ ಒಡತಿ ತನ್ನ ತಂದೆಯ ಹೆಸರಿನಲ್ಲಿ ಇನ್ನೊಂದು ಹಚ್ಚುತ್ತಾಳೆ. ಹೀಗೆ ಮಾಡಬೇಕೆಂದು ಅವಳಿಗೆ ಈವರೆಗೆ ಯಾರೂ ಹೇಳಿರಲಿಲ್ಲ. ರಾತ್ರಿ ಒಂದಿಷ್ಟು ಕಾಣಿಕೆ ಫಿನ್ಲಂಡದ ಅಜ್ಜನದು. ಬೆಳಿಗ್ಗೆ ಕಾಲುಚೀಲದ ತುಂಬ ಅಮೇರಿಕದ ಅಜ್ಜನದು. ಚಿಕ್ಕ ಹುಡುಗನಿಗೆ ಈ ವ್ಯವಸ್ಥೆ ಬಹಳ ಮೆಚ್ಚಿಕೆಯಾಗುವದರಲ್ಲಿ ಸಂಶಯವಿಲ್ಲ.

ಇದು ಬರೀ ಊಹೆಯ ಮನೆಯಲ್ಲ. ನಿಜವಾಗಿ ಇಂಥ ಒಂದು ಸೀಮೆಯೇ ಇದೆ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಿಂದ ಫಿನ್ಲಂಡದ ಬಡಜನ ಹೊಟ್ಟೆಪಾಡಿಗಾಗಿ ಅಮೇರಿಕದ ಮಿಶಿಗನ್ ರಾಜ್ಯದ ಉತ್ತರಭಾಗದ ತಾಮ್ರದ ಗಣಿಗಳಿಗೆ ಹೋಗಿ ನೆಲೆಸಿದರು. ಅಲ್ಲಿಯ ಹ್ಯಾನಕಾಕ ಎಂಬ ಪಟ್ಟಣದಲ್ಲಿ ೧೮೯೬ರಲ್ಲಿ ತಮ್ಮದೊಂದು ಕಾಲೇಜು ಕಟ್ಟಿದರು. ಅದು ೨೦೨೩ರಲ್ಲಿ ಮುಚ್ಚಿಹೋಯಿತು. ಆದರೆ ಆ ಪಟ್ಟಣದ ಬೀದಿಗಳ ಫಲಕಗಳು ಇಂಗ್ಲಿಷ್ ಮತ್ತು ಫಿನ್ನಿಶ್ ಎರಡೂ ಭಾಷೆಗಳಲ್ಲಿವೆ. ಕಾಲೇಜು ಹೋದರೂ ಹೆಸರು ಉಳಿಯಿತು, ಸೌನಾ ಉಳಿಯಿತು, ಹಬ್ಬ ಉಳಿಯಿತು. ಮನೆಯಲ್ಲಿ ಮಾಡುವದು ಮನೆ ಇರುವವರೆಗೆ ಉಳಿಯುತ್ತದೆ.

ನಮ್ಮ ಕಡೆಗೆ ಬಂದರೆ

ಕ್ರಿಸ್‌ಮಸ್ ನಮಗೂ ತೀರ ಅಪರಿಚಿತ ಹಬ್ಬವಲ್ಲ. ನಮ್ಮ ಜಿಲ್ಲೆಯ ಮಿರಜದಲ್ಲಿ ಅಮೇರಿಕನ್ ಮಿಶನ್ನಿನ ಡಾಕ್ಟರ ವಿಲ್ಯಮ್ ವ್ಯಾನಲೆಸ ೧೮೯೪ರಲ್ಲಿ ಆಸ್ಪತ್ರೆ ಕಟ್ಟಿದರು. ಅದೇ ವರ್ಷ ಮಂಗಳೂರಿನಲ್ಲಿ ಕಿಟೆಲ್ಲರ ಕನ್ನಡ ನಿಘಂಟು ಅಚ್ಚಾಯಿತು. ಅದೇ ಮಂಗಳೂರಿನ ಕೊಂಕಣಿ ಕ್ಯಾಥೊಲಿಕರು ಕ್ರಿಸ್‌ಮಸ್ಸಿಗೆ ‘ಕುಸ್ವಾರ್’ ಎಂಬ ತಿನಿಸುಗಳ ತಾಟು ಸಿದ್ಧಪಡಿಸಿ ನೆರೆಹೊರೆಗೆ ಹಂಚುತ್ತಾರೆ. ಅದರಲ್ಲಿ ಇರುವವು ಯಾವವು? ನಮ್ಮ ಕರಚಿಕಾಯಿಯಂಥ ನೆವ್ರಿ, ಎಳ್ಳಿನ ಉಂಡೆ, ಚಕ್ಕುಲಿ! ಬೆತ್ಲೆಹೇಮಿನ ಹಬ್ಬಕ್ಕೆ ಕರಾವಳಿಯ ಒಲೆಯ ಅಡಿಗೆ. ದೂರದಿಂದ ಬಂದ ಹಬ್ಬ ಊರಿನ ಎಣ್ಣೆ-ಬೆಲ್ಲಗಳಲ್ಲಿ ಬೆಂದಾಗಲೇ ಊರಿನದಾಗುತ್ತದೆ.

ನಮ್ಮ ಡಫಳಾಪುರವೂ ಇಂಥ ಕೂಡುದಾರಿಯ ಊರೇ. ಈ ಊರಿನ ಹೆಸರಿನಿಂದಲೇ ಡಫಳೆ ಮನೆತನಕ್ಕೆ ಆ ಹೆಸರು ಬಂತು. ಅವರು ಜತ್ತ ಸಂಸ್ಥಾನವನ್ನು ಆಳಿದರು. ೧೯೪೮ರಲ್ಲಿ ಸಂಸ್ಥಾನ ವಿಲೀನವಾಯಿತು, ಬಳಿಕ ದಕ್ಷಿಣ ಸಾತಾರಾ ಜಿಲ್ಲೆಗೆ ಸೇರಿತು, ೧೯೬೦ರಲ್ಲಿ ಆ ಜಿಲ್ಲೆಗೆ ಸಾಂಗಲಿ ಎಂಬ ಹೆಸರಾಯಿತು. ಕಾಗದದ ಮೇಲಿನ ಹೆಸರುಗಳು ಬದಲಾದವು. ಮನೆಗಳಲ್ಲಿ ಎರಡೂ ನುಡಿ ಹಾಗೇ ಉಳಿದವು. ನಮ್ಮ ತಾಲೂಕಿನ ಗುಡ್ಡಾಪುರದ ದಾನಮ್ಮನ ಜಾತ್ರೆಗೆ ಎರಡೂ ರಾಜ್ಯಗಳ ಜನ ನಡೆದುಬರುತ್ತಾರೆ. ದೇವಿ ಯಾರನ್ನೂ ಯಾವ ಭಾಷೆಯವರೆಂದು ಕೇಳುವದಿಲ್ಲ.

ಎತ್ತುಗಳ ಹಬ್ಬವನ್ನೇ ನೋಡಿರಿ. ಜ್ಯೇಷ್ಠ ಹುಣ್ಣಿಮೆಗೆ ಕಾರ ಹುಣ್ಣಿಮೆ. ಅದನ್ನೇ ಇತ್ತಣ ಮರಾಠಿ ಜನ ‘ಕರ್ನಾಟಕಿ ಬೆಂದೂರ’ ಎನ್ನುತ್ತಾರೆ. ಆಷಾಢದಲ್ಲಿ ‘ಮಹಾರಾಷ್ಟ್ರೀಯ ಬೆಂದೂರ’ ಬರುತ್ತದೆ. ಗಡಿಯ ಎತ್ತಿನ ಭಾಗ್ಯವೇ ಭಾಗ್ಯ. ನೆರೆಯ ಮನೆಯವರು ಮನಸ್ಸು ಮಾಡಿದರೆ ಅದಕ್ಕೆ ಎರಡು ಸಲ ಹೋಳಿಗೆ! ಸಂಕ್ರಾಂತಿಗೆ ಅವರು ತಿಳಗುಳ ಕೊಟ್ಟು ಸಿಹಿ ಮಾತಾಡಿರೆನ್ನುತ್ತಾರೆ, ನಾವು ಕುಸುರೆಳ್ಳು ಕೊಟ್ಟು ಅದೇ ಮಾತು ಹೇಳುತ್ತೇವೆ. ಅವರು ಪುರಣಪೋಳಿ ಮತ್ತು ಕಟಾಚಿ ಆಮಟಿ ಎನ್ನುವದನ್ನು ನಾವು ಹೋಳಿಗೆ ಮತ್ತು ಕಟ್ಟಿನ ಸಾರು ಎನ್ನುತ್ತೇವೆ. ಕಡಲೆಬೇಳೆ ಒಂದೇ, ಬೆಲ್ಲ ಒಂದೇ.

ಕ್ರಿಸ್‌ಮಸ್ಸಿನ ದಿನಗಳ ಆಸುಪಾಸಿನಲ್ಲಿಯೇ ನಮ್ಮ ಎಳ್ಳ ಅಮಾವಾಸ್ಯೆ ಬರುವದುಂಟು. ೨೦೧೯ರಲ್ಲಿ ಅದು ಡಿಸೆಂಬರ ೨೬ರಂದು, ೨೦೨೨ರಲ್ಲಿ ಡಿಸೆಂಬರ ೨೩ರಂದು ಬಂದಿತ್ತು. ಸಜ್ಜಿರೊಟ್ಟಿ, ಶೇಂಗಾ ಹೋಳಿಗೆ, ಕಡಬು, ಭಜ್ಜಿ ಪಲ್ಯ ಕಟ್ಟಿಕೊಂಡು ಬಂಡಿಯಲ್ಲಿ ಹೊಲಕ್ಕೆ ಹೋಗಿ, ನಿಂತ ಜೋಳಕ್ಕೆ ಪೂಜೆ ಮಾಡಿ, ಸುತ್ತಲೂ ಚರಗ ಚೆಲ್ಲಿ ಬರುತ್ತೇವೆ. ಭೂಮಿತಾಯಿಗೂ ಹಕ್ಕಿಪಕ್ಷಿಗೂ ಕೊಡದೆ ನಾವು ಉಣ್ಣುವದಿಲ್ಲ. ಫಿನ್ಲಂಡದ ರೈತ ಹಿಮದಲ್ಲಿ ಓಟ್ಸಿನ ಸಿವುಡು ಕಟ್ಟುವದೂ, ನಮ್ಮ ರೈತ ಎರೆಹೊಲದಲ್ಲಿ ಚರಗ ಚೆಲ್ಲುವದೂ ಒಂದೇ ಮನಸ್ಸಿನ ಎರಡು ಕೆಲಸ. ಇಬ್ಬರೂ ಒಬ್ಬರನ್ನೊಬ್ಬರು ಕಂಡವರಲ್ಲ.

ನಮ್ಮದೇ ಒಂದು ತಪ್ಪು

ಬೇರೆಯವರ ಮನೆಯ ಮಾತು ಇಷ್ಟು ಹೇಳಿದ ಮೇಲೆ ನಮ್ಮ ಮನೆಯ ಮಾತು ಮುಚ್ಚಿಡುವದು ಸರಿಯಲ್ಲ. ನಮ್ಮದು ವಿಜಾಪುರ ಸೀಮೆಯಿಂದ ಬಂದು ನೆಲೆಸಿದ ಮನೆ. ನಮ್ಮ ಮನೆಯಾಕೆ ಮಿರಜದ ಕಡೆಯ ಮರಾಠಿ ಮಾತಿನ ಮನೆಯಿಂದ ಬಂದವರು. ಮದುವೆಯಾದ ಮೊದಲ ವರ್ಷ ಪಾಡವೆಯ ಹಿಂದಿನ ದಿನ ಅವರು ತವರಿನಿಂದ ತಂದ ಜರಿಯಂಚಿನ ಹಸಿರು ಸೀರೆ, ತಾಮ್ರದ ತಂಬಿಗೆ, ಸಕ್ಕರೆಯ ಸರ ತೆಗೆದಿಟ್ಟು ಬಿದಿರಿನ ಕೋಲು ಸಿಗಬಹುದೇ ಎಂದು ಕೇಳಿದರು. “ನಮ್ಮಲ್ಲಿ ಆ ಪದ್ಧತಿ ಇಲ್ಲವಾ” ಎಂದರು ಮನೆಯ ಹಿರಿಯರು. ಗದರಿಸಿ ಹೇಳಿದ್ದಲ್ಲ, ಸಹಜವಾಗಿ ಹೇಳಿದ್ದು. ನಾವು ಅಲ್ಲಿಯೇ ಇದ್ದೆವು, ಸುಮ್ಮನೆ ಇದ್ದೆವು. ಎರಡೂ ಭಾಷೆಯ ಶಾಲೆಗಳಲ್ಲಿ ಕಲಿತು, ಮಕ್ಕಳಿಗೆ ಪಾಠ ಹೇಳುವ ತರಬೇತಿ ಪಡೆದ ನಮಗೆ ಆ ಹೊತ್ತಿಗೆ ಒಂದು ಮಾತು ಹೊರಡಲಿಲ್ಲ. ಅವರು ಸೀರೆ ಮಡಚಿ ಟ್ರಂಕಿನಲ್ಲಿ ಇಟ್ಟರು. ಆಮೇಲೆ ನಾಲ್ಕು ವರ್ಷ ತವರಿನ ಹಬ್ಬದ ಮಾತನ್ನೇ ಎತ್ತಲಿಲ್ಲ. ಮನೆಯಲ್ಲಿ ಜಗಳವಿರಲಿಲ್ಲವೆಂದು ನಾವು ಸುಖವಾಗಿದ್ದೆವು. ಅವರ ಬಾಯಿ ಮುಚ್ಚಿದ್ದನ್ನು ನಾವು ಶಾಂತಿ ಎಂದು ತಿಳಿದಿದ್ದೆವು.

ಐದನೆಯ ವರ್ಷ ನಮ್ಮ ತಾಯಿಯವರೇ ಬೇವಿನ ಹೂ ಆರಿಸುತ್ತ ಕುಳಿತಲ್ಲಿಂದ, “ಆ ಹಸರ ಸೀರಿ ತಗೀಯವಾ, ನಿಮ್ಮ ಕಡೆ ಗುಡಿ ಹೆಂಗ ಕಟ್ಟತಾರ ತೋರಸು” ಎಂದರು. ಯಾಕೆ ಹಾಗೆಂದರೋ ನಾವು ಕೇಳಲಿಲ್ಲ. ಬಹುಶಃ ತಾವೂ ಒಂದು ಕಾಲಕ್ಕೆ ತವರಿನ ಏನನ್ನೋ ಮಡಚಿಟ್ಟು ಬಂದದ್ದು ನೆನಪಾಗಿರಬೇಕು. ಅಂದು ಕೋಲಿಗೆ ಸೀರೆ ಉಡಿಸಿ, ಬೇವಿನ ಟೊಂಗೆ, ಮಾವಿನ ಎಲೆ, ಸಕ್ಕರೆಯ ಸರ ಕಟ್ಟಿ, ಮೇಲೆ ತಂಬಿಗೆ ಬೋರಲು ಹಾಕಿ ಬಾಗಿಲಿಗೆ ಏರಿಸಿದರು. ಕೆಳಗೆ ಕುಳಿತು ತಾಯಿಯವರು ಎಲ್ಲರಿಗೂ ಬೇವು-ಬೆಲ್ಲ ಕೊಟ್ಟರು. ಅಂದಿನ ಬೇವು ನಮಗೆ ತುಸು ಹೆಚ್ಚೇ ಕಹಿಯಾಗಿತ್ತು. ಕಾರಣ ನಮಗಷ್ಟೇ ಗೊತ್ತು.

ಹಬ್ಬ ಕೂಡಿಸುವ ಬಗೆ

ಇದರಿಂದ ನಾವು ಕಲಿತದ್ದು ಮೂರು ಮಾತು. ಮೊದಲನೆಯದು, ಹೊರಗಿನಿಂದ ಬಂದವರನ್ನು ಕೇಳಬೇಕು: “ನಿಮ್ಮಲ್ಲಿ ಹೇಗೆ ಮಾಡುತ್ತಾರೆ? ಯಾಕೆ ಮಾಡುತ್ತಾರೆ?” ಅವರು ತಾವಾಗಿ ಹೇಳಲಿ ಎಂದು ಕಾದು ಕುಳಿತರೆ ನಾಲ್ಕು ವರ್ಷ ಹೋಗುತ್ತವೆ. ಎರಡನೆಯದು, ಅವರ ಕೈಯಿಂದಲೇ ಮಾಡಿಸಬೇಕು. ಅತಿಥಿಯನ್ನು ಮಣೆಯ ಮೇಲೆ ಕೂರಿಸಿ ನೋಡುವದರಿಂದ ಅವರು ಮನೆಯವರಾಗುವದಿಲ್ಲ; ಒಲೆಯ ಮುಂದೆ ಕೂತಾಗ ಆಗುತ್ತಾರೆ. ಮೂರನೆಯದು, ಕೂಡಿಸುವದೆಂದರೆ ಎಲ್ಲವನ್ನೂ ಒಂದೇ ಗಡಿಗೆಯಲ್ಲಿ ಹಾಕಿ ಕಲಸುವದಲ್ಲ. ಗುಡಿ ಗುಡಿಯಾಗಿ ಇರಲಿ, ಬೇವು-ಬೆಲ್ಲ ಬೇವು-ಬೆಲ್ಲವಾಗಿ ಇರಲಿ. ಎರಡರ ಹೆಸರೂ ಮಕ್ಕಳಿಗೆ ಗೊತ್ತಿರಲಿ. ಹೆಸರು ಮರೆತರೆ ಅರ್ಧ ಹಬ್ಬ ಮರೆತಂತೆ.

ಪಾಲಕರಲ್ಲಿ ಒಂದು ಮಾತು. ಮನೆಯಲ್ಲಿ ಎರಡು ಭಾಷೆ ಇದ್ದರೆ ಮಗು ಒಂದನ್ನೂ ಸರಿಯಾಗಿ ಕಲಿಯದು ಎಂದು ಅಂಜಿ ನೀವು ಒಂದನ್ನು ಬಿಡಿಸಲು ಹೋಗಬೇಡಿರಿ. ಅಜ್ಜಿಯ ಮಾತಿನಲ್ಲಿ ಅಜ್ಜಿಯೊಡನೆ, ತಾಯಿಯ ಮಾತಿನಲ್ಲಿ ತಾಯಿಯೊಡನೆ ಆಡಿ ಬೆಳೆದ ಮಗುವಿಗೆ ಎರಡು ಮನೆಯ ಬಾಗಿಲು ತೆರೆದಿರುತ್ತವೆ. ಆದರೆ ಓದು-ಬರಹದ ಬೇರು ಒಂದು ನೆಲದಲ್ಲಿ ಗಟ್ಟಿಯಾಗಬೇಕು. ಅದಕ್ಕಾಗಿಯೇ ನಮ್ಮ ಕನ್ನಡ ಶಾಲೆ ಇದೆ.

ಅಂದು ನಿಬಂಧ ಬರೆಯದೆ ಕುಳಿತ ಹುಡುಗನಿಗೆ ನಾವು ಮರುದಿನ ಹೇಳಿದ್ದು ಇಷ್ಟೇ: “ತಮ್ಮಾ, ಎರಡೂ ಹೆಸರು ಬರಿ. ಅವ್ವ ಏನ ಮಾಡತಾಳ, ಅಜ್ಜಿ ಏನ ಮಾಡತಾಳ, ಎರಡೂ ಬರಿ.” ಅವನು ಎರಡೂವರೆ ಪುಟ ಬರೆದುಕೊಟ್ಟ. ತರಗತಿಯಲ್ಲಿ ಎಲ್ಲರಿಗಿಂತ ಉದ್ದದ ನಿಬಂಧ ಅವನದೇ. ಅವನಿಗೆ ಹೇಳುವದು ಹೆಚ್ಚು ಇತ್ತು. ಅವನ ಮನೆಯಲ್ಲಿ ಹಬ್ಬವೇ ಹೆಚ್ಚು ಇತ್ತು.